ಸಿಟ್ಟಲ್ಲ ಅತ್ತೆ, ಮಾತು ಖಾಲಿಯಾಗಿದೆ

ಗಾಂಧಿ ಬಜಾರಿನ ಒಂದು ಸೀರೆ ಅಂಗಡಿಯಲ್ಲಿ ನನ್ನ ಕೆಲಸ. ಬೆಳಿಗ್ಗೆಯಿಂದ ರಾತ್ರಿ ಎಂಟರವರೆಗೆ ಬಾಯಿಗೆ ಬಿಡುವಿಲ್ಲ. "ಬನ್ನಿ ಅಮ್ಮ, ಧಾರೆಗಾ, ಆರತಕ್ಷತೆಗಾ?" ಅಂತ ಸೆರಗು ಬಿಡಿಸಿ ಭುಜದ ಮೇಲೆ ಹಾಕಿ ತೋರಿಸುತ್ತೇನೆ. ನನಗೆ ಇದು ನಿಜವಾಗಿ ಇಷ್ಟ. ತಾಯಿ ಮಗಳು ಜಗಳಾಡಿ ಜಗಳಾಡಿ ಕೊನೆಗೆ ಒಂದೇ ಸೀರೆಗೆ ಒಪ್ಪಿದರೆ ಆ ದಿನವೆಲ್ಲ ಖುಷಿ.

ಮನೆಗೆ ಬಂದರೆ ಮಾತೇ ಹೊರಡುವುದಿಲ್ಲ.

ಮದುವೆಯಾದ ಹೊಸದರಲ್ಲಿ ಅತ್ತೆ ಕೇಳುತ್ತಿದ್ದರು, "ಎಂತ ಆಯ್ತೇ? ನನ್ನ ಮೇಲೆ ಸಿಟ್ಟಾ?" ನಾನು "ಎಂತದೂ ಇಲ್ಲ" ಅಂದು ಕೋಣೆಗೆ ಹೋಗುತ್ತಿದ್ದೆ. ಆ ಉತ್ತರ ಸಿಟ್ಟಿಗಿಂತ ಕೆಟ್ಟದು, ಅಲ್ವಾ? ಇಡೀ ದಿನ ಒಬ್ಬರೇ ಇದ್ದು ನನ್ನ ದಾರಿ ಕಾಯುತ್ತಿದ್ದವರು ಅವರು. ಗಿರಾಕಿಗಳಿಗೆ ಅಷ್ಟು ಮಾತು ಕೊಟ್ಟು ಅವರಿಗೆ ಚಿಲ್ಲರೆಯೂ ಉಳಿಸುತ್ತಿರಲಿಲ್ಲ. ಅದು ಈಗಲೂ ನೋವಾಗುತ್ತದೆ.

ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆಯನ್ನು 1921ರಲ್ಲಿ ವಿವರವಾಗಿ ಬರೆದ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್, ಯಾರೂ ಪೂರ್ತಿ ಒಂದೇ ಕಡೆ ಇರುವುದಿಲ್ಲ ಅಂದಿದ್ದರು. ರೋಗಿಗಳ ಜೊತೆ ಮಾತಾಡುವುದೇ ಅವರ ಕೆಲಸ. ಆದರೂ 1923ರಲ್ಲಿ ಕೆರೆದಂಡೆಯಲ್ಲಿ ಒಂದು ಕಲ್ಲಿನ ಮನೆ ಕಟ್ಟಲು ಶುರು ಮಾಡಿದರು. ಅಲ್ಲಿಗೆ ಕರೆಂಟ್ ಹಾಕಿಸಲಿಲ್ಲ. ತಾವೇ ಸೌದೆ ಒಡೆದು ಒಲೆ ಹಚ್ಚಿಕೊಂಡು ಇರುತ್ತಿದ್ದರು. ಓದಿದಾಗ ನನಗೆ ಎಷ್ಟೋ ಸಮಾಧಾನವಾಯಿತು.

ನನ್ನ ತವರು ತೀರ್ಥಹಳ್ಳಿ ಕಡೆ. ಶಾಲೆಯಲ್ಲಿ ಬಾಯಿ ಬಿಡದ ಹುಡುಗಿ ನಾನು. ಆದರೆ ಡಿಸೆಂಬರ್ ಚಳಿಯಲ್ಲಿ ಅಡಿಕೆ ಸುಲಿಯಲು ಕೂತರೆ ನನ್ನದೇ ಮಾತು ಜಾಸ್ತಿ. ಎಲ್ಲರ ಕಣ್ಣೂ ಮೆಟ್ಟುಗತ್ತಿಯ ಮೇಲೆ. ಕಾಯಿ ಒತ್ತಿ, ಸಿಪ್ಪೆ ಬಿಡಿಸಿ, ಅಡಿಕೆ ಬುಟ್ಟಿಗೆ. ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಸುಮ್ಮನಾದರೂ ಯಾಕೆ ಅಂತ ಕೇಳುತ್ತಿರಲಿಲ್ಲ. ಕತ್ತಿಯ ಸದ್ದು ಇದ್ದೇ ಇರುತ್ತಿತ್ತು.

ಈಗ ಬಾಗಿಲಲ್ಲೇ ಹೇಳಿಬಿಡುತ್ತೇನೆ, "ಅತ್ತೆ, ಸಿಟ್ಟಿಲ್ಲ. ಅರ್ಧ ಗಂಟೆ ಸುಮ್ನೆ ಕೂರ್ತೀನಿ." ಹಿತ್ತಲ ಮೆಟ್ಟಿಲ ಮೇಲೆ ಕೂತು ಎದ್ದು ಬಂದರೆ, ಮರುದಿನದ ತರಕಾರಿ ನಮ್ಮಿಬ್ಬರ ನಡುವೆ.

ನಿನ್ನೆ ಹರಿವೆ ಸೊಪ್ಪು ಬಿಡಿಸುತ್ತಾ ಅತ್ತೆ ತಾವು ಈ ಮನೆಗೆ ಬಂದ ವರ್ಷದ ಮಳೆಗಾಲದ ಕಥೆ ಎತ್ತಿದರು. ಸೊಪ್ಪು ಮುಗಿಯಿತು, ಕಥೆ ಮುಗಿದಿರಲಿಲ್ಲ. ನಾನು ಬೆಳ್ಳುಳ್ಳಿ ಬುಟ್ಟಿ ಹತ್ತಿರಕ್ಕೆ ಎಳೆದುಕೊಂಡೆ.