ಸ್ಕೇಟಿಂಗ್ ರಿಂಕಿನ ಗಾಳಿ ಕೆಟ್ಟ ದಿನ

ಕಳೆದ ಜುಲೈ ತಿಂಗಳ ಒಂದು ಭಾನುವಾರ ಅಣ್ಣನ ಮಗಳನ್ನು ಮುಂಬಯಿ ಉಪನಗರದ ಮಾಲ್ ಒಂದರಲ್ಲಿರುವ ಸಣ್ಣ ಐಸ್ ಸ್ಕೇಟಿಂಗ್ ರಿಂಕಿಗೆ ಕರೆದುಕೊಂಡು ಹೋಗಿದ್ದೆ. ಒಂದೂವರೆ ಗಂಟೆಯ ತರಗತಿ ಮುಗಿಯಲು ಇನ್ನು ಅರ್ಧ ಗಂಟೆ ಇರುವಾಗ ಅವಳು ಅಂಚಿಗೆ ಬಂದು, "ಅತ್ತೆ, ತಲೆ ನೋಯ್ತಾ ಇದೆ, ವಾಂತಿ ಬರೋ ಹಾಗಾಗ್ತಿದೆ" ಎಂದಳು. ಮಾಟುಂಗಾದಿಂದ ಮೊಮ್ಮಗನನ್ನು ಕರೆತಂದಿದ್ದ ಹಿರಿಯರೊಬ್ಬರು ನನ್ನ ಪಕ್ಕದಲ್ಲಿ ಕುಳಿತಿದ್ದರು. "ಬೆಳಿಗ್ಗೆ ಸರಿಯಾಗಿ ತಿಂಡಿ ತಿಂದಿರಲಿಕ್ಕಿಲ್ಲ ಕಣಮ್ಮ, ನಮ್ಮ ಹುಡುಗನೂ ಈಗಷ್ಟೇ ಹಾಗೇ ಅಂದ" ಎಂದು ಅವರು ಹೇಳಿದರು. ಅವರ ಮಾತಿನ ಎರಡನೆಯ ಭಾಗ ಕಿವಿಗೆ ಬಿದ್ದ ಕೂಡಲೇ ನಾನು ಎದ್ದು ನಿಂತೆ. ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಇಬ್ಬರು ಮಕ್ಕಳಿಗೆ ತಲೆನೋವೂ ಹೊಟ್ಟೆ ತೊಳಸುವಿಕೆಯೂ ಬಂದರೆ, ಮೊದಲು ಸಂಶಯಿಸಬೇಕಾದದ್ದು ಅವರಿಬ್ಬರೂ ಉಸಿರಾಡುತ್ತಿರುವ ಗಾಳಿಯನ್ನು.

ನಾನು ಠಾಣೆ–ಬೇಲಾಪುರ ಪಟ್ಟಿಯ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದೇನೆ. ನಾಲ್ಕು ಅನಿಲಗಳನ್ನು ಅಳೆಯುವ ಕೈ ಮೀಟರ್ ನನ್ನ ಚೀಲದಲ್ಲೇ ಇತ್ತು. ಪ್ರೇಕ್ಷಕರ ಬೆಂಚಿನ ಬಳಿ ಅದು ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ 30 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 30 ಪಾಲು, ಇದೆಯೆಂದು ತೋರಿಸಿತು. ಅಡ್ಡಗೋಡೆಯ ಮೇಲಿಂದ ಬಾಗಿ, ಮಕ್ಕಳ ಮೂಗಿನ ಮಟ್ಟಕ್ಕೆ ಇಳಿಸಿ ಹಿಡಿದಾಗ ಒಂದು ನಿಮಿಷದೊಳಗೆ ಅಂಕಿ 160 ದಾಟಿ, ಎಚ್ಚರಿಕೆಯ ಗಂಟೆ ಬಿಡದೆ ಹೊಡೆದುಕೊಳ್ಳತೊಡಗಿತು. ಬೆಂಚಿನಿಂದ ನಾಲ್ಕು ಹೆಜ್ಜೆಯ ಅಂತರದಲ್ಲಿ ಐದು ಪಟ್ಟು ವ್ಯತ್ಯಾಸವಿತ್ತು. ಮಂಜುಗಡ್ಡೆಯ ಮೇಲಿನ ಗಾಳಿ ತಣ್ಣಗೆ ಭಾರವಾಗಿ ಕೆಳಗೇ ಕೂರುತ್ತದೆ, ಮೇಲಿನ ಬೆಚ್ಚನೆಯ ಗಾಳಿ ಅದಕ್ಕೆ ಮುಚ್ಚಳದಂತಾಗುತ್ತದೆ, ಸುತ್ತಲಿನ ಅಡ್ಡಗೋಡೆ ಅದನ್ನು ಬಟ್ಟಲಿನಲ್ಲಿಟ್ಟಂತೆ ಹಿಡಿದಿಡುತ್ತದೆ. ಐಸನ್ನು ನುಣುಪು ಮಾಡುವ ಯಂತ್ರ ಬಿಟ್ಟ ಹೊಗೆ ಆ ಬಟ್ಟಲಿನಲ್ಲೇ ತುಂಬಿಕೊಳ್ಳುತ್ತದೆ. ಅಲ್ಲಿ ಅತಿ ಹೆಚ್ಚು ಉಸಿರಾಡುವವರು ಓಡಾಡಿ ಏದುಸಿರು ಬಿಡುವ ಗಿಡ್ಡ ಮಕ್ಕಳು.

ತರಬೇತುದಾರರು ಇನ್ನು ಇಪ್ಪತ್ತು ನಿಮಿಷವಷ್ಟೇ ಉಳಿದಿದೆ, ಮುಗಿಸಿಬಿಡೋಣ ಎಂದರು. ಉಸ್ತುವಾರಿ ನೋಡುವವರು ಮೊದಲು ಯಂತ್ರವನ್ನು ಪರೀಕ್ಷಿಸೋಣ ಎಂದರು. ಇಬ್ಬರಿಗೂ ದುರುದ್ದೇಶವಿರಲಿಲ್ಲ. ಆದರೆ ಕಾರಣ ಹುಡುಕುವ ಕೆಲಸ ಜನರನ್ನು ಹೊರಗೆ ಕಳುಹಿಸಿದ ಮೇಲಿನದು, ಅದಕ್ಕೆ ಮೊದಲಿನದಲ್ಲ ಎಂಬುದನ್ನು ನಾನು ಸ್ವಲ್ಪ ಗಟ್ಟಿ ದನಿಯಲ್ಲೇ ಹೇಳಬೇಕಾಯಿತು. ಸ್ಕೇಟ್ಸ್ ಬಿಚ್ಚಲು ಕೂರಬೇಡಿ, ಹಾಗೆಯೇ ರಬ್ಬರ್ ಹಾಸಿನ ಮೇಲೆ ನಡೆದು ಹೊರಗಿನ ಮೊಗಸಾಲೆಗೆ ಬನ್ನಿ ಎಂದು ಎಲ್ಲರನ್ನೂ ಕರೆದೆವು. ಹಾಜರಿ ಪಟ್ಟಿ ಹಿಡಿದು ತಲೆ ಎಣಿಸಿದಾಗ ಎರಡು ಮಕ್ಕಳು ಕಡಿಮೆ ಬಂದರು. ಒಬ್ಬಳು ಶೌಚಾಲಯದಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದಳು, ಇನ್ನೊಬ್ಬಳು ಅವಳ ಕೈ ಹಿಡಿದು ನಿಂತಿದ್ದಳು. ಪಟ್ಟಿ ನೋಡಿ ಎಣಿಸದೆ ಇದ್ದಿದ್ದರೆ ಅವರು ಅಲ್ಲೇ ಉಳಿಯುತ್ತಿದ್ದರು. ಅಷ್ಟರಲ್ಲಿ 112ಕ್ಕೂ ಅಗ್ನಿಶಾಮಕ ದಳದ 101ಕ್ಕೂ ಕರೆ ಹೋಗಿತ್ತು. ಮಕ್ಕಳಿಗೆ ಹುಷಾರಿಲ್ಲ ಎಂದಷ್ಟೇ ಹೇಳದೆ, ಕಾರ್ಬನ್ ಮಾನಾಕ್ಸೈಡ್ ಶಂಕೆ, ಇಷ್ಟು ಜನ, ಮೀಟರ್ ತೋರಿಸಿದ್ದು ಇಷ್ಟು ಎಂದು ತಿಳಿಸಿದ್ದರಿಂದ ಬಂದವರು ಉಸಿರಾಟದ ಉಪಕರಣ ಧರಿಸಿಯೇ ಒಳಗೆ ಹೋದರು.

ಇಲ್ಲಿ ಒಂದು ಅಪಾಯಕಾರಿ ಸಮಾಧಾನದ ಬಗ್ಗೆ ಹೇಳಲೇಬೇಕು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಒಂದನ್ನು ಮಾಲ್‌ನ ಕಾವಲುಗಾರರು ತಂದು ಮಕ್ಕಳ ಬೆರಳಿಗೆ ಸಿಕ್ಕಿಸಿದರು. ಎಲ್ಲರದ್ದೂ 97, 98. ಪೋಷಕರು ನಿಟ್ಟುಸಿರು ಬಿಟ್ಟು ಮನೆಗೆ ಹೊರಡಲು ಸಿದ್ಧರಾದರು. ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಸುಮಾರು 200ರಿಂದ 250 ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ, ಮತ್ತು ಹಾಗೆ ಅಂಟಿಕೊಂಡ ಹಿಮೋಗ್ಲೋಬಿನ್ನನ್ನು ಸಾಮಾನ್ಯ ಆಕ್ಸಿಮೀಟರ್ ಆಮ್ಲಜನಕ ತುಂಬಿಕೊಂಡದ್ದೆಂದೇ ಓದುತ್ತದೆ. ಸತ್ಯ ತಿಳಿಯಬೇಕಾದರೆ ಆಸ್ಪತ್ರೆಯಲ್ಲಿ ರಕ್ತ ತೆಗೆದು, ಹೀಗೆ ವಿಷಾನಿಲ ಅಂಟಿಕೊಂಡ ಹಿಮೋಗ್ಲೋಬಿನ್, ಅಂದರೆ ಕಾರ್ಬಾಕ್ಸಿಹಿಮೋಗ್ಲೋಬಿನ್, ಶೇಕಡಾ ಎಷ್ಟಿದೆ ಎಂದು ಅದಕ್ಕೆಂದೇ ಇರುವ ಯಂತ್ರದಲ್ಲಿ ನೋಡಬೇಕು. ಸಾಮಾನ್ಯ ಗಾಳಿ ಉಸಿರಾಡುತ್ತಿದ್ದರೆ ಅದು ಅರ್ಧಕ್ಕಿಳಿಯಲು ನಾಲ್ಕರಿಂದ ಆರು ಗಂಟೆ ಬೇಕು. ಮುಖವಾಡದ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆಯೊಳಗೆ ಅರ್ಧಕ್ಕಿಳಿಯುತ್ತದೆ. ಇದನ್ನು ನಾಲ್ಕೈದು ಸಲ ವಿವರಿಸಿದ ಮೇಲೆ ಹೆಚ್ಚಿನವರು ಆಸ್ಪತ್ರೆಗೆ ಬಂದರು. ಅಣ್ಣನ ಮಗಳಿಗೆ ಬಂದ ಅಂಕಿ ಶೇಕಡಾ 11.

ಕಾರಣ ಸಂಜೆಯ ಹೊತ್ತಿಗೆ ಸ್ಪಷ್ಟವಾಯಿತು. ಐಸಿನ ಮೇಲ್ಮೈ ಕೆರೆದು, ಬಿಸಿನೀರು ಸುರಿದು ನುಣುಪು ಮಾಡುವ ಯಂತ್ರ ಅಡುಗೆ ಅನಿಲದಂಥದೇ ಗ್ಯಾಸಿನಿಂದ ಓಡುತ್ತಿತ್ತು. ಅಂಚು ಕೆರೆಯುವ ಚಿಕ್ಕ ಯಂತ್ರ ಪೆಟ್ರೋಲಿನದು. ಮಳೆಗಾಲದಲ್ಲಿ ಮುಂಬಯಿಯ ಹಸಿಗಾಳಿ ಒಳಗೆ ಬಂದರೆ ಐಸಿನ ಮೇಲೆ ಮಂಜು ಕವಿಯುತ್ತದೆ, ಚಾವಣಿಯಿಂದ ನೀರು ತೊಟ್ಟಿಕ್ಕುತ್ತದೆ. ಆ ತೊಂದರೆ ತಪ್ಪಿಸಲು ಜೂನ್ ಕೊನೆಯಿಂದ ಹೊರಗಾಳಿಯ ಕಿಂಡಿಯನ್ನು ಪೂರ್ತಿ ಮುಚ್ಚಿಬಿಟ್ಟಿದ್ದರು. ಚಳಿದೇಶಗಳಲ್ಲಿ ಶಾಖ ಉಳಿಸಲು ಮಾಡುವ ತಪ್ಪು ನಮ್ಮಲ್ಲಿ ತೇವ ತಡೆಯಲು ನಡೆದಿತ್ತು. ಅಮೆರಿಕದ ಮಿನೆಸೋಟಾ ರಾಜ್ಯ 1973ರಲ್ಲೇ ಒಳಾಂಗಣ ರಿಂಕುಗಳ ಗಾಳಿಗೆ ನಿಯಮ ತಂದಿದೆ. ನಮ್ಮ 2009ರ ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡ ಹೊರಗಿನ ಗಾಳಿಗೆ ಸಂಬಂಧಿಸಿದ್ದಾದರೂ ಒಂದು ಗಂಟೆಗೆ ಅದು ಒಪ್ಪುವ ಕಾರ್ಬನ್ ಮಾನಾಕ್ಸೈಡ್ ಪ್ರತಿ ಘನಮೀಟರಿಗೆ 4 ಮಿಲಿಗ್ರಾಂ, ಅಂದರೆ ನಾಲ್ಕು ಪಿಪಿಎಂಗಿಂತಲೂ ಕಡಿಮೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಏಕೆಂದರೆ ನನ್ನ ಮೀಟರ್ ನೈಟ್ರೋಜನ್ ಡೈಆಕ್ಸೈಡನ್ನು ಅಳೆಯುವುದಿಲ್ಲ. ಅಂಥ ಎಂಜಿನ್ನುಗಳ ಹೊಗೆಯಲ್ಲಿ ಅದೂ ಇರುತ್ತದೆ, ಮತ್ತು ಅದರ ಪೆಟ್ಟು ತಡವಾಗಿ ಬರುತ್ತದೆ: ಚೆನ್ನಾಗಿಯೇ ಇದ್ದ ಮಗುವಿಗೆ ಹಲವು ಗಂಟೆಗಳ ನಂತರ, ಒಮ್ಮೊಮ್ಮೆ ಮರುದಿನ, ಕೆಮ್ಮು, ಎದೆಬಿಗಿತ, ರಕ್ತ ಬೆರೆತ ಕಫ ಶುರುವಾಗಬಹುದು, ಶ್ವಾಸಕೋಶದಲ್ಲಿ ನೀರು ತುಂಬಬಹುದು. 1987ರಲ್ಲಿ ಅದೇ ಮಿನೆಸೋಟಾದಲ್ಲಿ ನೂರಕ್ಕೂ ಹೆಚ್ಚು ಐಸ್ ಹಾಕಿ ಆಟಗಾರರೂ ಪ್ರೇಕ್ಷಕರೂ ಹೀಗೆಯೇ ಅಸ್ವಸ್ಥರಾಗಿದ್ದರು. ಆದ್ದರಿಂದ ಹಾಜರಿ ಪಟ್ಟಿಯಲ್ಲಿದ್ದ ಪ್ರತಿ ಮನೆಗೂ, ಆಸ್ಪತ್ರೆಗೆ ಬರಲೊಪ್ಪದೆ ಹೋದವರಿಗೂ, ರಾತ್ರಿ ಹತ್ತರವರೆಗೆ ನಾನೂ ತರಬೇತುದಾರರೂ ಹಂಚಿಕೊಂಡು ಫೋನ್ ಮಾಡಿ, ಎರಡು ದಿನ ಉಸಿರಾಟದ ಮೇಲೆ ಕಣ್ಣಿಡಿ ಎಂದು ಹೇಳಿದೆವು. ಕೆಲವರಿಗೆ ಅದು ಅತಿಯೆನ್ನಿಸಿತು. ಮತ್ತೊಮ್ಮೆ ಹಾಗೆ ನಡೆದರೂ ನಾನು ಅಷ್ಟೇ ಫೋನುಗಳನ್ನು ಮಾಡುತ್ತೇನೆ.

ಯಂತ್ರವನ್ನು ಸರಿಪಡಿಸಿ ಆಯಿತೆಂದು ಆಡಳಿತದವರು ಮರುವಾರ ತಿಳಿಸಿದರು. ಎಂಜಿನ್ನಿನಲ್ಲಿ ಗಾಳಿಯೊಂದಿಗೆ ಬೆರೆಯುವ ಗ್ಯಾಸಿನ ಪಾಲು ತಗ್ಗಿಸಿದರೆ ಕಾರ್ಬನ್ ಮಾನಾಕ್ಸೈಡ್ ಇಳಿಯುವುದು ನಿಜ, ಆದರೆ ನೈಟ್ರೋಜನ್ ಆಕ್ಸೈಡುಗಳು ಏರಬಹುದು. ಒಂದನ್ನು ಮಾತ್ರ ಅಳೆದು ಬಾಗಿಲು ತೆರೆಯುವುದು ಸರಿಯಲ್ಲ. ಬ್ಯಾಟರಿಯ ಯಂತ್ರ ತರಿಸಿ, ಅಲ್ಲಿಯವರೆಗೆ ಎರಡೂ ಅನಿಲಗಳ ಮೀಟರನ್ನು ಅಡ್ಡಗೋಡೆಯ ಒಳಬದಿಯಲ್ಲಿ ಮಗುವಿನ ಮೂಗಿನೆತ್ತರಕ್ಕೆ ಹಾಕಿಸಿ, ಕಿಂಡಿ ತೆರೆದೇ ಇಡಿ, ತೇವಕ್ಕೆ ಪ್ರತ್ಯೇಕ ಯಂತ್ರ ಹಾಕಿ ಎಂದು ಪೋಷಕರೆಲ್ಲ ಸಹಿ ಮಾಡಿ ಪತ್ರ ಕೊಟ್ಟಿದ್ದೇವೆ.

ಆ ಪತ್ರದ ಕೊನೆಯ ಬೇಡಿಕೆ ಯಂತ್ರ ಓಡಿಸುವ ಹುಡುಗನ ಸಂಬಳದ್ದು. ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಹೆಚ್ಚಿನ ಅಂಕಿ ಬಂದದ್ದು ಅವನಿಗೆ, ಶೇಕಡಾ 19. ಬೀಡಿ ಸಿಗರೇಟು ಮುಟ್ಟುವವನಲ್ಲ. ಮಕ್ಕಳ ಗಲಾಟೆಯಲ್ಲಿ ಅವನನ್ನು ನಾವು ಯಾರೂ ರೋಗಿಯೆಂದು ಎಣಿಸಿರಲಿಲ್ಲ, ಅವನೇ ಕುರ್ಚಿ ತಂದು ಹಾಕುತ್ತಿದ್ದ. ಒಂದು ತಿಂಗಳಿಂದ ಮಧ್ಯಾಹ್ನವಾದರೆ ತಲೆ ಸಿಡಿಯುತ್ತಿತ್ತು, ಡೊಂಬಿವಲಿಯಿಂದ ಲೋಕಲಿನಲ್ಲಿ ನಿಂತು ಬರುವ ದಣಿವೆಂದುಕೊಂಡಿದ್ದೆ, ರಜೆಯ ದಿನ ಮಾತ್ರ ಇರುತ್ತಿರಲಿಲ್ಲ ಎಂದು ಆಮ್ಲಜನಕದ ಮುಖವಾಡ ಸರಿಸಿ ಮರಾಠಿಯಲ್ಲಿ ಹೇಳಿದ. ರಿಂಕ್ ಮುಚ್ಚಿರುವ ದಿನಗಳ ಸಂಬಳ ಬಂತೇ ಎಂದು ಮೊನ್ನೆ ವಿಚಾರಿಸಿದೆ. ಇನ್ನೂ ಬಂದಿಲ್ಲ.