ಗಾಜಿನಾಚೆಯ ಬಿಸಿಲು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಬಿಸಿಲು ಬರುವುದು ಕಿಟಕಿ ಗಾಜಿನಿಂದ, ಅದೂ ಅರ್ಧ ಗಂಟೆ. ಅತ್ತೆ ದಿನಾ ಅಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ. "ವಿಟಮಿನ್ ಡಿ ಕಮ್ಮಿ ಅಂತ ಬಂದಿದೆ ಕಣಮ್ಮ. ಕಣ್ಣಿಗೂ ಒಳ್ಳೇದಂತೆ." ಚರ್ಮದಲ್ಲಿ ಡಿ ತಯಾರಾಗಲು ಬೇಕಾದ, ಬಿಸಿಲಿನಲ್ಲಿರುವ ಯುವಿ-ಬಿ ಕಿರಣವನ್ನು ಗಾಜು ತಡೆಯುತ್ತದೆ, ಅಲ್ಲಿ ಸಿಗುವುದು ಬರೀ ಸೆಕೆ. ಹೇಳಲು ಮನಸ್ಸಾಗಲಿಲ್ಲ.

ಅತ್ತೆಗೆ ವಯಸ್ಸಿನಿಂದ ಬರುವ ಮ್ಯಾಕ್ಯುಲಾ ಸವೆತ ಶುರುವಾಗಿದೆ. ಮ್ಯಾಕ್ಯುಲಾ ಅಂದರೆ ಕಣ್ಣಿನ ಹಿಂಭಾಗದ ಅಕ್ಷಿಪಟಲದ (ರೆಟಿನಾ) ನಡುಭಾಗ, ಓದಲು, ಮುಖ ಗುರುತಿಸಲು ಬೇಕಾದದ್ದು. ಡಿ ಕಮ್ಮಿ ಇದ್ದವರಲ್ಲಿ ಈ ಕಾಯಿಲೆ ಜಾಸ್ತಿ ಅಂತ ಕೆಲವು ಅಧ್ಯಯನಗಳು ಹೇಳಿದ್ದು ನಿಜ. ಆದರೆ ಅಮೆರಿಕದಲ್ಲಿ 25,000ಕ್ಕೂ ಹೆಚ್ಚು ಜನರ ಮೇಲೆ ಐದು ವರ್ಷ ನಡೆದ ವೈಟಲ್ ಎಂಬ ಪ್ರಯೋಗದಲ್ಲಿ, ದಿನಾ 2000 ಐಯು (ವಿಟಮಿನ್ ಅಳೆಯುವ ಮಾನ) ವಿಟಮಿನ್ ಡಿ3 ನುಂಗಿದವರಿಗೂ ಹುಸಿ ಮಾತ್ರೆ ನುಂಗಿದವರಿಗೂ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಣ್ಣು ಮಂಜಾದವರು ಹೊರಗೆ ಹೋಗುವುದೇ ಕಮ್ಮಿ ಅಲ್ವಾ, ಅದಕ್ಕೇ ಡಿ ಇಳಿದಿರಬಹುದು. ಇದು ಸುಮ್ನೆ ನನ್ನ ಊಹೆ.

ಮೂಳೆಗಂತೂ ಡಿ ಬೇಕೇ ಬೇಕು. ಇವತ್ತು ಅತ್ತೆಯನ್ನು ಟೆರೇಸಿಗೆ ಕರೆದುಕೊಂಡು ಹೋದೆ. ಫ್ರಿಜ್ಜಿನ ಮೇಲಿನ ಚೌಕುಳಿ ಗೆರೆಗಳ ಚೀಟಿಯನ್ನೂ ಒಯ್ದಿದ್ದರು; ಕಾಯಿಲೆ ಜಾಸ್ತಿಯಾದರೆ ಅದರ ಗೆರೆಗಳು ಡೊಂಕಾಗಿ ಕಾಣುತ್ತವೆ. ಒಂದು ಕಣ್ಣು ಮುಚ್ಚಿ ನೋಡಿ, "ಗೆರೆ ಇನ್ನೂ ನೆಟ್ಟಗಿದೆ" ಎಂದು, ಪಕ್ಕದ ಮನೆ ಆಜಿಯ ಜೊತೆ ಮರಾಠಿಯಲ್ಲಿ ಹರಟೆಗೆ ಕೂತರು.