ಬೆಚ್ಚಗಿದ್ದ ಬಾರ್ಲಿ

ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಕ್ಯಾಂಪ್‌ಬೆಲ್‌ಟೌನಿಗೆ ಬಸ್ಸಿನಲ್ಲಿ ನಾಲ್ಕು ಗಂಟೆಗೂ ಜಾಸ್ತಿ. ಲಾಕ್ ಲೋಮಂಡ್ ಸರೋವರದ ದಂಡೆ ಹಿಡಿದು, ಇನ್ವರೇರಿ, ಟಾರ್ಬರ್ಟ್ ದಾಟಿದ ಮೇಲೆ ಕಿಂಟೈರ್ ಶುರುವಾಗುತ್ತದೆ. ಕಡಲೊಳಗೆ ಉದ್ದಕ್ಕೆ ಚಾಚಿಕೊಂಡ ನೆಲ ಅದು. ಅದರ ತುದಿಗೆ ಹತ್ತಿರ ಈ ಊರು. ನವೆಂಬರ್ ತಿಂಗಳು, ಜಿಟಿಜಿಟಿ ಮಳೆ. ಬಸ್ಸಿನಲ್ಲಿ ಕೊನೆಗೆ ಉಳಿದದ್ದು ನಾವು ಆರೇಳು ಜನ.

ವಿಸ್ಕಿ ಕುಡಿಯುವುದಕ್ಕಿಂತ ಅದನ್ನು ಮಾಡುವ ಬಗೆ ನೋಡಬೇಕು ಅನ್ನುವ ಆಸೆ ನನಗೆ ಮೊದಲಿನಿಂದ ಇತ್ತು. ಆಫೀಸಿನ ಹಿರಿಯ ಸ್ಕಾಟಿಷ್ ಗೆಳೆಯರೊಬ್ಬರನ್ನು ಕೇಳಿದೆ. "ಹಳೇ ಪದ್ಧತಿ ನೋಡಬೇಕಾದರೆ ಕ್ಯಾಂಪ್‌ಬೆಲ್‌ಟೌನಿನ ಸ್ಪ್ರಿಂಗ್‌ಬ್ಯಾಂಕ್ ಡಿಸ್ಟಿಲರಿಗೆ ಹೋಗಿ. ಬೇರೆಲ್ಲೂ ಅಷ್ಟು ಪೂರ್ತಿಯಾಗಿ ಸಿಗಲ್ಲ" ಅಂದರು. ಅವರ ಮಾತು ನಿಜ. ಸ್ಕಾಟ್ಲೆಂಡಿನ ಬಹುಪಾಲು ಡಿಸ್ಟಿಲರಿಗಳು ಇವತ್ತು ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ದೊಡ್ಡ ಕಾರ್ಖಾನೆಗಳಿಂದ ತರಿಸಿಕೊಳ್ಳುತ್ತವೆ. ಕೆಲವು ಕಡೆ ಒಂದಷ್ಟನ್ನು ಮಾತ್ರ ತಾವೇ ಮಾಡುತ್ತಾರೆ. ಸ್ಪ್ರಿಂಗ್‌ಬ್ಯಾಂಕ್ ತನಗೆ ಬೇಕಾದ ಅಷ್ಟೂ ಮಾಲ್ಟನ್ನು ನೆಲದ ಮೇಲೆ ಹರಡಿ ತಾನೇ ಮಾಡಿಕೊಳ್ಳುತ್ತದೆ. ಬಾರ್ಲಿ ನೆನೆಸುವುದರಿಂದ ಹಿಡಿದು ಬಾಟಲಿಗೆ ತುಂಬುವವರೆಗೆ ಎಲ್ಲವೂ ಒಂದೇ ಆವರಣದಲ್ಲಿ.

ಅದೂ ಊರ ನಡುವೆಯೇ. ಲಾಂಗ್‌ರೋ ಅನ್ನುವ ಬೀದಿಯಿಂದ ಒಂದು ಸಣ್ಣ ಸಂದಿಗೆ ತಿರುಗಿದರೆ ಕಲ್ಲಿನ ಹಳೇ ಕಟ್ಟಡಗಳು. 1828ರಲ್ಲಿ ಶುರುವಾದದ್ದು, ಮಿಚೆಲ್ ಮನೆತನದ್ದು. ಗೈಡ್ ಒಬ್ಬ ಯುವಕ, ಅದೇ ಊರಿನವನು. ನಾವು ಎಂಟು ಜನ ಅವನ ಹಿಂದೆ ನಡೆದೆವು.

ಮೊದಲು ಕರೆದುಕೊಂಡು ಹೋದದ್ದೇ ಮಾಲ್ಟ್ ಹರಡುವ ಕೋಣೆಗೆ. ತಗ್ಗಾದ ಸೂರು, ಸಾಲು ಕಿಟಕಿ, ನೆಲದ ತುಂಬ ಬಾರ್ಲಿ. ನೀರಲ್ಲಿ ನೆನೆಸಿ, ಬಸಿದು, ಒಂದೇ ಸಮ ಹರಡಿದ್ದರು. ಒಂದು ಥರಾ ಹಸಿ ಸೌತೆಕಾಯಿಯ ವಾಸನೆ. ಗೈಡ್ "ಕೈ ಹಾಕಿ ನೋಡಿ" ಅಂದ. ಮಂಡಿಯೂರಿ ಕೂತು ಬೆರಳು ಇಳಿಸಿದೆ. ಹೊರಗೆ ಮೂಳೆ ಕೊರೆಯುವ ಚಳಿ, ಒಳಗೆ ಬಾರ್ಲಿ ಬೆಚ್ಚಗಿತ್ತು.

ಆ ಬಿಸಿ ನನಗೆ ಗೊತ್ತಿತ್ತು. ಮಂಡ್ಯದ ಹತ್ತಿರ ನಮ್ಮ ಮನೆಯಲ್ಲಿ ಕೂಸುಗಳಿಗೆ ರಾಗಿ ಸರಿ ಮಾಡಲು ಅಜ್ಜಿ ರಾಗಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಇಡುತ್ತಿದ್ದರು. ಬೆಳಿಗ್ಗೆ ಎದ್ದವರೇ ಗಂಟಿನ ಹೊಟ್ಟೆ ಮುಟ್ಟಿ ನೋಡುತ್ತಿದ್ದರು. ಬೆಚ್ಚಗಾಗಿದ್ದರೆ ಮೊಳಕೆ ಒಡೆದಿದೆ ಅಂತ ಲೆಕ್ಕ. ಜಾಸ್ತಿ ಬಿಸಿಯಾದರೆ ಬಿಚ್ಚಿ, ಕೆದಕಿ, ಮತ್ತೆ ಕಟ್ಟುತ್ತಿದ್ದರು. ಇಲ್ಲದಿದ್ದರೆ ಮುಗ್ಗಲು ವಾಸನೆ ಬರುತ್ತೆ ಅನ್ನುತ್ತಿದ್ದರು.

ಇಲ್ಲಿ ನಡೆಯುವುದೂ ಅದೇ, ಟನ್ನುಗಟ್ಟಲೆ ಕಾಳಿನ ಮೇಲೆ. ಐದಾರು ದಿನ, ಹಗಲು ರಾತ್ರಿ, ಕೆಲವು ಗಂಟೆಗಳಿಗೊಮ್ಮೆ ಯಾರಾದರೂ ಬಂದು ಬಾರ್ಲಿ ತಿರುವಿ ಹಾಕಬೇಕು. ಬಿಟ್ಟರೆ ಕಾಳು ಕಾವೇರುತ್ತದೆ, ಎಳೆ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಚಾಪೆಯಂತಾಗುತ್ತವೆ. ಮರದ ಸಲಿಕೆ, ಹಲ್ಲಿರುವ ಎಳೆಕುಂಟೆ ಗೋಡೆಗೆ ಒರಗಿದ್ದವು. ಸಲಿಕೆಯ ಹಿಡಿ ಕೈಯಾಡಿ ಆಡಿ ನುಣುಪಾಗಿತ್ತು. ಹಿಂದೆ ವರ್ಷಗಟ್ಟಲೆ ಈ ಕೆಲಸ ಮಾಡಿದವರ ಒಂದು ಭುಜ ಜೋತು ಬೀಳುತ್ತಿತ್ತಂತೆ. ಅದಕ್ಕೆ 'ಮಂಕಿ ಶೋಲ್ಡರ್' ಅಂತಲೇ ಹೆಸರಿತ್ತು.

ಒಬ್ಬ ಕೆಲಸಗಾರ ಕಾಳೊಂದನ್ನು ಎತ್ತಿ ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿದ. ಒಳಗಿನ ಬಿಳಿ ಹಿಟ್ಟು ಸೀಮೆಸುಣ್ಣದ ಪುಡಿಯಂತೆ ಬೆರಳಿಗೆ ಮೆತ್ತಿತು. ಗಟ್ಟಿ ಉಳಿದಿದ್ದರೆ ಇನ್ನೂ ಆಗಿಲ್ಲ. ಹೀಗೆ ನುಣ್ಣಗೆ ಹರಡಿದರೆ ಹದಕ್ಕೆ ಬಂದಿದೆ, ಒಣಗಿಸುವ ಗೂಡಿಗೆ ಹಾಕಬಹುದು. ನಾನೂ ಒಂದು ಕಾಳು ಹಿಸುಕಿ ನೋಡಿದೆ. ಎಷ್ಟು ಮೀಟರು, ಎಷ್ಟು ಯಂತ್ರ ಬಂದರೂ ಈ ಬೆರಳಿನ ಹದ ಇದೆಯಲ್ಲ, ಅದನ್ನು ಉಳಿಸಿಕೊಂಡದ್ದಕ್ಕೆ ಆ ಜನರ ಮೇಲೆ ನನಗೆ ತುಂಬ ಗೌರವ ಬಂತು.

ಆಮೇಲೆ ಗೂಡು. ಪೀಟ್ ಅಂದರೆ ಜವುಗಿನಲ್ಲಿ ಗಿಡಗಂಟಿ ಸಾವಿರಾರು ವರ್ಷ ಕೊಳೆತು ಆದ ಕರಿ ಮಣ್ಣು. ಅದನ್ನು ಇಟ್ಟಿಗೆಯಂತೆ ಕೊಯ್ದು ಒಣಗಿಸಿ ಉರಿಸುತ್ತಾರೆ. ಆ ಹೊಗೆ ಕೆಳಗಿನಿಂದ ಬಾರ್ಲಿಗೆ ಹತ್ತುತ್ತದೆ. ಇಲ್ಲಿ ಮೂರು ಹೆಸರಿನ ವಿಸ್ಕಿ ಆಗುತ್ತದೆ. ಸ್ಪ್ರಿಂಗ್‌ಬ್ಯಾಂಕ್‌ಗೆ ಸುಮಾರು 6 ಗಂಟೆ ಪೀಟ್ ಹೊಗೆ, ಉಳಿದದ್ದು ಬಿಸಿಗಾಳಿ. ಲಾಂಗ್‌ರೋಗೆ 48 ಗಂಟೆಯವರೆಗೂ ಹೊಗೆ. ಹೇಜಲ್‌ಬರ್ನ್‌ಗೆ ಹೊಗೆಯೇ ಇಲ್ಲ, ಬರೀ ಬಿಸಿಗಾಳಿ. ಒಂದೇ ಕಾಳು, ಒಂದೇ ನೀರು. ಆ ನೀರು ಊರ ಮೇಲಿನ ಕ್ರಾಸ್‌ಹಿಲ್ ಕೆರೆಯದು.

ಹಿಟ್ಟು ಬೀಸುವುದು, ಎರಕದ ಕಬ್ಬಿಣದ ತೊಟ್ಟಿಯಲ್ಲಿ ಬಿಸಿನೀರಿಗೆ ಕಲಸುವುದು, ಮರದ ಬಾನಿಗಳಲ್ಲಿ ದಿನಗಟ್ಟಲೆ ಹುಳಿಯಿಡುವುದು, ಎಲ್ಲವನ್ನೂ ಬೇಗ ಬೇಗ ನೋಡಿದೆವು. ಬಟ್ಟಿಯ ಮನೆಯಲ್ಲಿ ಮಾತ್ರ ನನ್ನ ಕಾಲು ಕದಲಲಿಲ್ಲ. ಮೂರು ತಾಮ್ರದ ಹಂಡೆಗಳು. ಮೊದಲನೆಯದಕ್ಕೆ ಈಗಲೂ ಅಡಿಯಿಂದ ನೇರ ಬೆಂಕಿ. ಬೇರೆ ಕಡೆ ಹೆಚ್ಚಾಗಿ ಉಗಿ ಕೊಳವೆಯಲ್ಲಿ ಕಾಯಿಸುತ್ತಾರೆ. ನೇರ ಉರಿಯಲ್ಲಿ ಪಾಯಸ ತಳ ಹಿಡಿಯುವ ಹಾಗೆ ಇದೂ ಹಿಡಿಯುತ್ತದೆ ಅಲ್ವಾ? ಅದಕ್ಕೇ ಹಂಡೆಯೊಳಗೆ ಸರಪಳಿಯೊಂದು ಸುತ್ತುತ್ತಾ ತಳ ಕೆರೆಯುತ್ತಲೇ ಇರುತ್ತದೆ.

ಸ್ಪ್ರಿಂಗ್‌ಬ್ಯಾಂಕನ್ನು ಎರಡೂವರೆ ಸಲ ಬಟ್ಟಿ ಇಳಿಸುತ್ತಾರೆ ಅನ್ನುವುದನ್ನು ಹಿಂದೆಯೇ ಕೇಳಿದ್ದೆ. ಅರ್ಧ ಸಲ ಇಳಿಸುವುದು ಹೇಗೆ ಅಂತ ಅಲ್ಲೇ ತಿಳಿಯಿತು. ಮೊದಲ ಹಂಡೆಯಿಂದ ಬಂದದ್ದರಲ್ಲಿ ಹೆಚ್ಚಿನ ಭಾಗ ಎರಡನೆಯ ಹಂಡೆಗೆ ಹೋಗುತ್ತದೆ. ಉಳಿದದ್ದನ್ನು ಎತ್ತಿಟ್ಟು, ಎರಡನೆಯದರಿಂದ ಇಳಿದದ್ದರ ಜೊತೆ ಸೇರಿಸಿ ಮೂರನೆಯದಕ್ಕೆ ಹಾಕುತ್ತಾರೆ. ಹಾಗಾಗಿ ಕೊನೆಗೆ ಬರುವುದರಲ್ಲಿ ಸ್ವಲ್ಪ ಎರಡು ಸಲ, ಉಳಿದದ್ದು ಮೂರು ಸಲ ಇಳಿದದ್ದು. ಮೊದಲು ಬರುವ ಖಾರದ್ದನ್ನೂ ಕೊನೆಯ ಒಗರನ್ನೂ ಬೇರೆ ಮಾಡಿ ನಡುವಿನದ್ದನ್ನು ಮಾತ್ರ ಹಿಡಿಯುತ್ತಾರೆ. ಯಾವ ಗಳಿಗೆಗೆ ಕತ್ತರಿಸಬೇಕು ಅನ್ನುವುದು ಹಂಡೆ ಕಾಯುವವನ ಜವಾಬ್ದಾರಿ. ಗಾಜು ಹಾಕಿದ ಹಿತ್ತಾಳೆ ಪೆಟ್ಟಿಗೆಯ ಮುಂದೆ ನಿಂತಿದ್ದವನು ನಮ್ಮ ಕಡೆ ಒಮ್ಮೆ ತಲೆಯಾಡಿಸಿ ಮತ್ತೆ ಅತ್ತ ತಿರುಗಿದ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಈ ಪುಟ್ಟ ಊರಲ್ಲಿ ಮೂವತ್ತರ ಹತ್ತಿರ ಡಿಸ್ಟಿಲರಿಗಳಿದ್ದವು. ಬೇಗ ದುಡ್ಡು ಮಾಡುವ ಆತುರದಲ್ಲಿ ಕೆಲವರು ಗುಣ ಕೆಡಿಸಿದರು. ಹಂಡೆಗಳಿಗೆ ಉರುವಲು ಕೊಡುತ್ತಿದ್ದ ಹತ್ತಿರದ ಕಲ್ಲಿದ್ದಲ ಗಣಿ ಮುಚ್ಚಿತು. 1920ರಲ್ಲಿ ಅಮೆರಿಕ ಮದ್ಯ ನಿಷೇಧಿಸಿತು. 1930ರ ದಶಕದ ನಡುವಿಗೆ ಉಳಿದದ್ದು ಎರಡೇ, ಸ್ಪ್ರಿಂಗ್‌ಬ್ಯಾಂಕ್ ಮತ್ತು ಗ್ಲೆನ್ ಸ್ಕಾಟಿಯಾ. 1925ರಲ್ಲಿ ಮುಚ್ಚಿದ್ದ ಪಕ್ಕದ ಗ್ಲೆನ್‌ಗೈಲನ್ನು ಸ್ಪ್ರಿಂಗ್‌ಬ್ಯಾಂಕಿನವರೇ 2004ರಲ್ಲಿ ಮತ್ತೆ ತೆರೆದರು. ಕೈಕೆಲಸ ಬಿಟ್ಟು ಯಂತ್ರ ತಂದಿದ್ದರೆ ಖರ್ಚು ಉಳಿಯುತ್ತಿತ್ತು. ಆದರೆ ನೆಲದಲ್ಲಿ ಬಾರ್ಲಿ ತಿರುವುವವರಿಂದ ಲೇಬಲ್ ಅಂಟಿಸುವವರ ತನಕ ಊರಿನ ಎಷ್ಟು ಮನೆಗಳಿಗೆ ಅದೇ ಅನ್ನ! ಗೈಡ್ ಇದನ್ನು ಹೇಳುವಾಗ ಅವನ ದನಿ ಬೇರೆಯೇ ಆಗಿತ್ತು.

ಕೊನೆಗೆ ಉಗ್ರಾಣ. ಮಣ್ಣಿನ ನೆಲ, ದಪ್ಪ ಕಲ್ಲುಗೋಡೆ, ಕತ್ತಲೆ. ಪೀಪಾಯಿಗಳ ಮೇಲೆ ಪೀಪಾಯಿ. ಸ್ಕಾಚ್ ಅನ್ನಿಸಿಕೊಳ್ಳಲು ಓಕ್ ಪೀಪಾಯಿಯಲ್ಲಿ ಕಡಿಮೆ ಅಂದರೂ 3 ವರ್ಷ ಇರಬೇಕು. ಇಲ್ಲಿ ಹತ್ತು, ಹದಿನೈದು, ಅದಕ್ಕಿಂತ ಹಳೆಯವೂ ಇದ್ದವು. ವರ್ಷಕ್ಕೆ ನೂರಕ್ಕೆ 2 ಭಾಗದಷ್ಟು ಆವಿಯಾಗಿ ಹೋಗುತ್ತದೆ, ಅದು ದೇವತೆಗಳ ಪಾಲು ಅಂತ ಗೈಡ್ ಹೇಳಿದ. ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿ ನೆನಪಾಯಿತು. 2004ರಲ್ಲಿ ಅವರು ತಮ್ಮ ಸಿಂಗಲ್ ಮಾಲ್ಟನ್ನು, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮಾಡಿದ ಮಾಲ್ಟ್ ವಿಸ್ಕಿಯನ್ನು, ಮೊದಲು ಮಾರಾಟಕ್ಕೆ ತಂದದ್ದು ಇದೇ ಗ್ಲಾಸ್ಗೋದಲ್ಲಿ. ಬೆಂಗಳೂರಿನ ಸೆಖೆಗೆ ಅಲ್ಲಿ ವರ್ಷಕ್ಕೆ ನೂರಕ್ಕೆ ಹತ್ತರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಹೋಗುತ್ತದೆ. ಗೈಡಿಗೆ ಹೇಳಿದೆ. ಅವನಿಗೆ ಅಮೃತ್ ಗೊತ್ತಿತ್ತು. ಚೆನ್ನಾಗಿ ಮಾಡ್ತಾರೆ ಅಂದ. ನನಗೆ ಖುಷಿಯಾಯಿತು.

ಒಂದು ಗುಟುಕು 10 ವರ್ಷದ ಸ್ಪ್ರಿಂಗ್‌ಬ್ಯಾಂಕ್ ಕೊಟ್ಟರು. ಮೊದಲು ಸಿಹಿ, ಆಮೇಲೆ ಉಪ್ಪುಗಾಳಿಯಂಥದ್ದು, ಕೊನೆಗೆ ತೆಳ್ಳಗೆ ಹೊಗೆ. ಹತ್ತು ವರ್ಷದ ಹಿಂದೆ ಯಾರೋ ಒಬ್ಬರು ನಡುರಾತ್ರಿ ಎದ್ದು ಬಂದು ತಿರುವಿದ ಕಾಳು ಅದು. ನಾನು ಗ್ಲಾಸನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದೆ.

ವಾಪಸ್ ಬಸ್ಸಿಗೆ ಕಾಯುವಾಗ ಅಮ್ಮನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ರಾತ್ರಿ ಒಂಬತ್ತೂವರೆ. ವಿಸ್ಕಿಯ ವಿಷಯ ಅಮ್ಮನಿಗೆ ಬೇಡವಾಗಿತ್ತು. ಮೊಳಕೆಯ ವಿಷಯ ಮಾತ್ರ ಬಿಡಿಸಿ ಬಿಡಿಸಿ ಕೇಳಿದರು.

"ಅಷ್ಟು ಚಳೀಲಿ ಮೊಳಕೆ ಹೆಂಗ್ ಬತ್ತದೆ ಮಗ? ಏನಾದ್ರೂ ಹೊದಿಸ್ತಾರಾ?"

"ಇಲ್ಲಮ್ಮ. ಚಳಿ ಜಾಸ್ತಿ ಇದ್ರೆ ದಪ್ಪಗೆ ಹರಡ್ತಾರೆ, ಕಿಟಕಿ ಮುಚ್ತಾರೆ. ಕಾವು ಜಾಸ್ತಿ ಆದ್ರೆ ತೆಳ್ಳಗೆ ಮಾಡಿ ಕಿಟಕಿ ತೆಗೀತಾರೆ."

"ಅತ್ತೇನೂ ಹಂಗೇ ಮಾಡೋರು," ಅಂದರು ಅಮ್ಮ. "ಚಳಿಗಾಲದಲ್ಲಿ ಗಂಟು ತಂದು ಒಲೆ ಪಕ್ಕ ಇಡೋರು."